ಎದುರು ಪಾಳಯದ ಸಾಕ್ಷಿ

ನಾನು ಶಾಲೆ ಬಿಟ್ಟದ್ದು ೧೯೮೯ರಲ್ಲಿ, ಏಳನೇ ಕ್ಲಾಸು ಮುಗಿಸಿ. ಫೇಲಾಗಿ ಬಿಟ್ಟದ್ದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಗೆ ದುಡಿಯುವ ಕೈ ಬೇಕಿತ್ತು. ಮಂಗಳೂರಿನ ಬಂದರಿನಲ್ಲಿ ಕಾರಿನ ಸೀಟು ಹೊಲಿಯುವ ಅಂಗಡಿಗೆ ಸೇರಿದೆ, ಆ ಕೆಲಸವೇ ಮುಂದೆ ನನ್ನನ್ನು ಸೌದಿಯ ಅಲ್ ಖೋಬರಿಗೆ ತಂದಿತು. ನನ್ನ ಹೊಲಿಗೆ ಬಿಚ್ಚಿದ್ದನ್ನು ಕಂಡವರು ಕಡಿಮೆ. ಕೈಯ ಕೆಲಸದಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂಬ ಹಮ್ಮು ನನಗಿತ್ತು, ಸಾಲಿಮರ ಕೈಗಳನ್ನು ನೋಡುವವರೆಗೆ.

ನಮ್ಮ ಗ್ಯಾರೇಜುಗಳ ಓಣಿ ಒಂದು ಲಾರಿಗಾಗುವಷ್ಟೇ ಅಗಲ. ಒಳಗೆ ಬರಬೇಕಾದರೆ ಹಿಮ್ಮುಖವಾಗಿಯೇ ಬರಬೇಕು. ಬೇರೆ ಓಣಿಗಳಲ್ಲಿ ಒಂದು ಗಾಡಿ ಹಿಂದೆ ತೆಗೆಯಲು ಹತ್ತು ಜನ ನಾಲ್ಕು ಭಾಷೆಯಲ್ಲಿ ಬೊಬ್ಬೆ ಹಾಕುತ್ತಾರೆ. ನಮ್ಮಲ್ಲಿ ಬೊಬ್ಬೆಯೇ ಇರಲಿಲ್ಲ. ಮೂಲೆಯ ಚಹಾದಂಗಡಿಯಿಂದ ಲುಂಗಿ ಉಟ್ಟ ಒಬ್ಬ ಮುದುಕರು ಹೊರಗೆ ಬಂದು, ಡ್ರೈವರನ ಕನ್ನಡಿಯಲ್ಲಿ ಕಾಣುವಂತೆ ನೆಟ್ಟಗೆ ನಿಂತು, ಎರಡೂ ಕೈ ಎತ್ತುತ್ತಿದ್ದರು. ಎಡಗೈ ಮುಷ್ಟಿ ಕಟ್ಟಿದರೆ ಎಡಗಡೆ ತಡೆ, ಬಲಗೈ ಬೆರಳು ಆಡಿದರೆ ಬಲಗಡೆ ಬಾ, ಎರಡೂ ತೋಳು ಎದೆಯ ಮೇಲೆ ಅಡ್ಡ ಬಂದರೆ ಇಂಜಿನ್ ಬಂದ್. ಬಾಯಲ್ಲಿ ಒಂದು ಶಬ್ದವಿಲ್ಲ. ಎಂಥ ಉದ್ದದ ಲಾರಿಯೂ ಗೋಡೆಗೆ ತಾಗದೆ ಬಂದು ನಿಲ್ಲುತ್ತಿತ್ತು.

ಹೊಸಬರಿಗೆ ಮಾತ್ರ ಇದು ಅರ್ಥವಾಗುತ್ತಿರಲಿಲ್ಲ. ಒಮ್ಮೆ ಪುತ್ತೂರಿನ ಒಬ್ಬ ಡ್ರೈವರ್ ಕನ್ನಡಿಯಲ್ಲಿ ಮುಷ್ಟಿ ನೋಡಿದವನೇ ಜಾಕಿನ ಸಲಾಕೆ ಹಿಡಿದು ಇಳಿದ. "ಎಂತ, ಮುಷ್ಟಿ ತೋರಿಸುದು? ನಾನೆಂತ ಮಾಡಿದೆ ನಿಮಗೆ?"

ಮುದುಕರು ಸಲಾಕೆಯನ್ನು ಮೆಲ್ಲನೆ ಅವನ ಕೈಯಿಂದ ತೆಗೆದುಕೊಂಡು, ಅದರ ಜಾಗಕ್ಕೆ ಚಹಾದ ಗ್ಲಾಸು ಇಟ್ಟರು. "ನಿಲ್ಲು ಅಂದೆ ಮಾರಾಯ. ಹೊಡೆಯುವುದಾದರೆ ಕೈ ಎತ್ತಿ ತೋರಿಸಿ ಹೊಡೆಯುತ್ತಾರಾ?"

'ಮಾರಾಯ' ಅವರು ನಮ್ಮಿಂದ ಕಲಿತ ಮಾತು. ಉಳಿದದ್ದೆಲ್ಲ ಅರಬ್ಬಿ ಮತ್ತು ಹಿಂದಿಯ ಮಿಶ್ರಣ. ಅವರು ಏಡನ್ನಿನವರು, ಅಲ್ಲಿಯ ಬಂದರಿನಲ್ಲಿ ಹಿಂದಿ ಹೊಸದೇನಲ್ಲವಂತೆ. ನಾನಿಲ್ಲಿ ಕನ್ನಡಕ್ಕೆ ಇಳಿಸಿ ಬರೆಯುತ್ತಿದ್ದೇನೆ. ನಾವೆಲ್ಲ ಅವರನ್ನು ಅಮ್ ಸಾಲಿಮ್ ಎನ್ನುತ್ತಿದ್ದೆವು. ಅಮ್ ಎಂದರೆ ಚಿಕ್ಕಪ್ಪ. ನನ್ನ ಹೆಸರು ಹಸನಬ್ಬ, ಅವರ ಬಾಯಲ್ಲಿ ನಾನು ಬರೀ 'ಯಾ ಹಸನ್'.

ಲುಂಗಿ ಉಡುವ ಅರಬ್ಬಿ ಎಂಬ ಕಾರಣಕ್ಕೇ ಅವರು ನಮಗೆ ಹತ್ತಿರವಾದದ್ದು. ಆದರೆ ಆ ವಿಷಯದಲ್ಲೇ ನಮಗೆ ಜಗಳವೂ ಇತ್ತು. ನಾವು ಕರಾವಳಿಯವರು ಕೆಲಸಕ್ಕೆ ಇಳಿದರೆ ಲುಂಗಿಯನ್ನು ಮೊಣಕಾಲಿನ ಮೇಲೆ ಮಡಚಿ ಕಟ್ಟುವವರು. ಅವರಿಗೆ ಅದನ್ನು ಕಂಡರಾಗದು. "ಇಳಿಸು ಯಾ ಹಸನ್. ಸಿಪಾಯಿ ಮೊಣಕಾಲು ತೋರಿಸುವುದಿಲ್ಲ" ಎನ್ನುವರು.

"ನಾನು ಸಿಪಾಯಿ ಅಲ್ಲ ಅಮ್, ಸೀಟು ಹೊಲಿಯುವವ."

"ಸೀಟಿಗಾದರೂ ಮರ್ಯಾದೆ ಕೊಡು."

ಸಿಪಾಯಿ ಎಂಬುದು ತಮಾಷೆಗೆ ಹೇಳಿದ್ದಲ್ಲ. ಅವರು ಹದಿನೆಂಟು ವರ್ಷ ಟ್ಯಾಂಕು ಪಡೆಯಲ್ಲಿ ದುಡಿದವರು, ಈಗ ಇಲ್ಲದ ಒಂದು ದೇಶಕ್ಕಾಗಿ. ಯೆಮೆನ್ ಮೊದಲು ಎರಡು ದೇಶವಾಗಿತ್ತು, ಉತ್ತರ ಮತ್ತು ದಕ್ಷಿಣ. ಇವರು ದಕ್ಷಿಣದ ಸೈನ್ಯದವರು. ಎರಡೂ ಒಂದಾದಾಗ ಇವರ ತುಕಡಿಯನ್ನು ಉತ್ತರದ ಒಂದು ಊರಿಗೆ ಕಳಿಸಿದರು. ಕ್ಯಾಂಪಿನ ಬೇಲಿಯ ಈಚೆ ಇವರು, ಆಚೆ ಉತ್ತರದವರು. ಕೆಲವು ವರ್ಷ ಅಕ್ಕಪಕ್ಕದ ಮನೆಯವರ ಹಾಗೆ ಇದ್ದರು. ಆಮೇಲೆ ಮೇಲಿನವರಿಗೆ ಮನಸ್ತಾಪವಾಗಿ ಯುದ್ಧವೇ ಆಯಿತು. ದಕ್ಷಿಣ ಮತ್ತೆ ಬೇರೆಯಾಗಲು ನೋಡಿತು, ಸೋತಿತು. ಸೋತ ಸೈನ್ಯದವರಿಗೆ ಕೆಲಸವೂ ಹೋಯಿತು, ಪಿಂಚಣಿಯೂ ಇಲ್ಲ. ಸಾಲಿಮ್ ಗಡಿ ದಾಟಿ ಬಂದು ಒಬ್ಬ ಒಳ್ಳೆಯ ಕಫೀಲನ, ಅಂದರೆ ಜಾಮೀನು ನಿಲ್ಲುವ ಸೌದಿಯವನ, ಹೆಸರಿನಲ್ಲಿ ಚಹಾದಂಗಡಿ ಇಟ್ಟರು. ಹಾಲು, ಏಲಕ್ಕಿ ಹಾಕಿ ಚೆನ್ನಾಗಿ ಕುದಿಸಿದ ಏಡನ್ ಚಹಾ. ಅದನ್ನು ಕುಡಿದವನಿಗೆ ಬೇರೆ ಚಹಾ ಬಿಸಿನೀರು.

ಎಷ್ಟೋ ಕಾಲದ ಮೇಲೆ ಸುದ್ದಿ ಬಂತು. ಸೋತ ಕಡೆಯವರಿಗೂ ಪಿಂಚಣಿ ಕೊಡುತ್ತಾರಂತೆ. ಆದರೆ ಇವರ ತುಕಡಿಯ ದಾಖಲೆಗಳು ಯುದ್ಧದಲ್ಲಿ ಸುಟ್ಟುಹೋಗಿದ್ದವು. ಹಾಗಾಗಿ ಸೇವೆಯಲ್ಲಿದ್ದದ್ದನ್ನು ಕಣ್ಣಾರೆ ಕಂಡ ಇಬ್ಬರು ರಿಯಾದಿನ ಯೆಮೆನ್ ಕಚೇರಿಯಲ್ಲಿ ಸಾಕ್ಷಿ ಹೇಳಬೇಕು. ಒಬ್ಬ ಸಿಕ್ಕಿದ, ಜಿದ್ದಾದಲ್ಲಿರುವ ಅವರ ತುಕಡಿಯ ಮುದಿ ಅಡಿಗೆಯವ. ಎರಡನೆಯವನು ಇಲ್ಲ. ಟ್ಯಾಂಕಿನಲ್ಲಿ ಜೊತೆಗಿದ್ದ ಮೂವರೂ ಯುದ್ಧದಲ್ಲೇ ತೀರಿಹೋಗಿದ್ದರು, ತುಕಡಿಯ ಉಳಿದವರು ಎಲ್ಲೆಲ್ಲೋ ಚದುರಿಹೋಗಿದ್ದರು.

ನಮ್ಮ ಓಣಿಯ ಇಲೆಕ್ಟ್ರಿಶಿಯನ್ ಬಂಟ್ವಾಳದ ಮೋನಪ್ಪಣ್ಣ. ಯಾವ ಕಷ್ಟಕ್ಕೂ ಅವರ ಹತ್ತಿರ ಒಂದು ಅಡ್ಡದಾರಿ ಇರುತ್ತದೆ. "ಇದಕ್ಕೆ ಎಂತ ತಲೆಬಿಸಿ ಅಮ್? ಊರಿಡೀ ಯೆಮೆನಿಗಳಿದ್ದಾರೆ. ಒಬ್ಬನಿಗೆ ಹೊಟ್ಟೆ ತುಂಬ ಕುರಿಮಾಂಸದ ಅನ್ನ ತಿನ್ನಿಸಿ, ನಾನೂ ಟ್ಯಾಂಕಿನಲ್ಲಿದ್ದೆ ಅಂತಾನೆ."

ಸಾಲಿಮ್ ಕೆಟಲಿನ ಉರಿ ತಗ್ಗಿಸಿದರು. "ನನ್ನ ಟ್ಯಾಂಕಿನಲ್ಲಿ ಇದ್ದದ್ದೇ ನಾಲ್ಕು ಸೀಟು. ಇವನನ್ನು ಹತ್ತಿಸಬೇಕಾದರೆ ಆ ಮೂವರಲ್ಲಿ ಯಾರನ್ನು ಇಳಿಸಲಿ, ಹೇಳು."

ಮೋನಪ್ಪಣ್ಣ ಚಹಾದ ದುಡ್ಡು ಇಟ್ಟು ಕೆಲಸಕ್ಕೆ ಎದ್ದರು.

ಅವರಿಗೆ ಹಣದ ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ವಯಸ್ಸಾಗಿತ್ತು, ಊರಿಗೆ ಹೋಗಿ ಕೂರಬೇಕೆಂಬ ಆಸೆಯಿತ್ತು. "ಬೇರೆಯವರು ಮಾಡಿದ ಚಹಾ ಕುಡಿಯಬೇಕು, ಅದರಲ್ಲಿ ತಪ್ಪು ಹುಡುಕಬೇಕು" ಎನ್ನುತ್ತಿದ್ದರು. ಆದರೆ ಒಮ್ಮೆ ಬೇರೊಂದು ಮಾತೂ ಹೇಳಿದರು. "ನನ್ನ ದೇಶ ಹೋಯಿತು, ಅದು ಇರಲಿ. ನಾನು ಹದಿನೆಂಟು ವರ್ಷ ಎಲ್ಲಿದ್ದೆ ಯಾ ಹಸನ್? ಎಲ್ಲೂ ಇರಲಿಲ್ಲವಾ?"

ಹೋದ ವರ್ಷ ಚಳಿ ಶುರುವಾಗುವ ಹೊತ್ತಿಗೆ ದೂರದ ಹಾಯಿಲ್ ಊರಿನಿಂದ ಬಟಾಟೆ ತಂದು ಇಳಿಸಿದ ಒಂದು ಲಾರಿ ನಮ್ಮ ಓಣಿಗೆ ಬಂತು. ಡ್ರೈವರನ ಸೀಟು ಹರಿದು ಸ್ಪ್ರಿಂಗು ಮೇಲೆ ಬಂದಿತ್ತು. ಸಾಲಿಮ್ ಎಂದಿನಂತೆ ಹಿಂದೆ ಹೋಗಿ ಕೈ ಎತ್ತಿ ನಿಂತರು. ಲಾರಿ ಸರಿಯಾಗಿ ಬಂತು. ತೋಳು ಅಡ್ಡ ಹೋದದ್ದೇ ಇಂಜಿನೂ ನಿಂತಿತು. ಹೊಸ ಡ್ರೈವರಿಗೆ ಆ ಸನ್ನೆ ಗೊತ್ತಿದ್ದದ್ದು ನೋಡಿ ನನಗೇ ಆಶ್ಚರ್ಯ. ಅವನು ಇಳಿಯದೆ, ಕನ್ನಡಿಯಲ್ಲಿ ಅವರನ್ನೇ ನೋಡುತ್ತಾ ಕುಳಿತಿದ್ದ. ನಾಜಿ ಎಂದು ಹೆಸರು, ಉತ್ತರ ಯೆಮೆನಿನ ಬೆಟ್ಟದ ಕಡೆಯವನು, ಗಡ್ಡ ಅರ್ಧ ಬಿಳಿ.

ಕೊನೆಗೆ ಇಳಿದು ಬಂದ. "ಅಮ್, ನೀವು ಟ್ಯಾಂಕಿನವರಾ?"

"ಆಗಿದ್ದೆ."

"ಯಾವ ಕಡೆ?"

"ಸೋತ ಕಡೆ."

"ಬೇಲಿ ಪಕ್ಕದ ಕ್ಯಾಂಪು? ದಿನಾ ಬೆಳಿಗ್ಗೆ ಟ್ಯಾಂಕು ಹಿಂದೆ ಮುಂದೆ ಮಾಡಿ ನಮ್ಮ ನಿದ್ದೆ ಕೆಡಿಸುತ್ತಿದ್ದದ್ದು ನೀವಾ? ಮುಂದೆ ನಿಂತು ಹೀಗೆ ಕೈ ಮಾಡುತ್ತಿದ್ದದ್ದು?"

ಸಾಲಿಮ್ ಕಣ್ಣು ಕಿರಿದು ಮಾಡಿದರು. "ನಮ್ಮ ಕೋಳಿ ಕದ್ದದ್ದು ನೀವಾ?"

"ಎರಡೇ ಕೋಳಿ."

"ನಾಲ್ಕು."

"ಉಳಿದ ಎರಡು ನಿಮ್ಮ ಅಡಿಗೆಯವನೇ ಮಾರಿದ್ದು ಅಮ್, ವಲ್ಲಾಹಿ!"

ಇಬ್ಬರೂ ತೊಡೆ ತಟ್ಟಿಕೊಂಡು ನಕ್ಕರು. ನಾನು ಸೀಟು ಬಿಚ್ಚಿ ಒಳಗೆ ತಂದೆ. ಅವರು ಹೊರಗೆ ಚಹಾ ಹಿಡಿದು ಕೂತರು. ಎಲ್ಲ ಸರಿಯಾಗಿಯೇ ಇತ್ತು, ಮೋನಪ್ಪಣ್ಣ ಬಾಯಿ ಬಿಡುವ ತನಕ. "ಸಾಕ್ಷಿ ಸಿಕ್ಕಿತಲ್ಲ ಅಮ್! ಇವರೇ ಹೇಳಲಿ, ಕಣ್ಣಾರೆ ಕಂಡವರು."

ನಾಜಿಯ ನಗು ನಿಂತಿತು. ವಿಷಯ ಕೇಳಿ ತಿಳಿದುಕೊಂಡು, ಗ್ಲಾಸು ಕೆಳಗಿಟ್ಟ. "ನನ್ನ ಅಣ್ಣ ಸತ್ತದ್ದು ಆ ಬೇಲಿಯ ಹತ್ತಿರ" ಎಂದ.

ನಾನು ಏನೋ ಹೇಳಲು ಹೊರಟೆ. ಸಾಲಿಮ್ ನನ್ನ ಕಡೆ ನೋಡದೆಯೇ ಎಡಗೈ ಮುಷ್ಟಿ ಎತ್ತಿದರು. ನಿಂತುಬಿಟ್ಟೆ. ಅವರು ನಾಜಿಯ ಗ್ಲಾಸಿಗೆ ಮತ್ತೆ ಚಹಾ ಹಾಕಿದರು. ಸೀಟು ಆದ ಮೇಲೆ ನಾಜಿ ಸಲಾಂ ಹೇಳಿ ಹಾಯಿಲಿಗೆ ಹೋದ. ಸಾಲಿಮ್ ಓಣಿಯ ತುದಿಯವರೆಗೂ ಕೈ ತೋರಿಸಿ ಅವನ ಲಾರಿಯನ್ನು ರಸ್ತೆಗೆ ಬಿಟ್ಟು ಬಂದರು.

"ಒಂದು ಮಾತು ಕೇಳಬಹುದಿತ್ತು ಅಮ್" ಎಂದೆ.

"ಅವನ ಅಣ್ಣನನ್ನು ಕೊಂದದ್ದು ನಮ್ಮ ಗುಂಡೋ, ನನ್ನದೇ ಗುಂಡೋ, ನನಗೆ ಗೊತ್ತಿಲ್ಲ. ಯಾವ ಬಾಯಲ್ಲಿ ಕೇಳಲಿ?"

ಮುಂದಿನ ಲೋಡಿಗೆ ನಾಜಿ ತಾನಾಗಿ ಬಂದ. ಸೀಟು ಸರಿಯಾಗಿಯೇ ಇತ್ತು. ನೇರ ಚಹಾದಂಗಡಿಗೆ ಹೋಗಿ, "ಯಲ್ಲಾ ಅಮ್, ರಿಯಾದಿಗೆ ಯಾವಾಗ?" ಎಂದ. ಸಾಲಿಮ್ ಕೆಟಲು ಕೆಳಗಿಟ್ಟರು. ನಾಜಿ ಹೇಳಿದ: "ನೀವು ಅಲ್ಲಿ ಇರಲೇ ಇಲ್ಲ ಅಂತ ಸರಕಾರ ಬರೆದರೆ ನನ್ನ ಅಣ್ಣ ಯಾರ ಎದುರು ಹೋರಾಡಿ ಸತ್ತ? ಗಾಳಿಯ ಎದುರಾ? ನೀವು ಇದ್ದಿರಿ. ನಾನು ಹೇಳುತ್ತೇನೆ."

ನನ್ನ ಪಿಕಪ್ಪಿನಲ್ಲೇ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಇಬ್ಬರಿಗೂ ಕೋಳಿಯ ಲೆಕ್ಕವೇ. ಅವರ ದೇಶದ ಕಚೇರಿಯಲ್ಲಿ ಒಬ್ಬ ಎಳೆಯ ಗುಮಾಸ್ತ, ಮರ್ಯಾದಸ್ಥ ಹುಡುಗ, ನಾಜಿಯನ್ನು ಕೇಳಿದ: "ಇವರ ಜೊತೆ ಯಾವ ತುಕಡಿಯಲ್ಲಿ ಇದ್ದಿರಿ?"

"ಜೊತೆಗೆ ಅಲ್ಲ, ಎದುರಿಗೆ."

ಗುಮಾಸ್ತನಿಗೆ ಏನು ಬರೆಯಬೇಕೋ ತಿಳಿಯಲಿಲ್ಲ. ಒಳಗಿನಿಂದ ಹಿರಿಯ ಅಧಿಕಾರಿಯನ್ನು ಕರೆತಂದ. ಅವರೂ ಕೇಳಿ ತಲೆ ಕೆರೆದುಕೊಂಡರು. "ಅಷ್ಟು ದೂರದಿಂದ ಕಂಡದ್ದು ಇವರನ್ನೇ ಎಂದು ಹೇಗೆ ಹೇಳುತ್ತೀ?"

ನಾಜಿ ಎದ್ದ. ಚಕ್ರವಿದ್ದ ಒಂದು ಕುರ್ಚಿ ಎಳೆದು, ಅದರಲ್ಲಿ ಕೂತು, ಸಾಲಿಮರಿಗೆ ಬೆನ್ನು ಹಾಕಿದ. ಮೊಬೈಲನ್ನು ಕನ್ನಡಿಯ ಹಾಗೆ ಹಿಡಿದ. "ಹೂಂ, ಗಾಡಿ ಹಿಂದೆ ತೆಗೆಸಿ ಅಮ್."

ಸಾಲಿಮ್ ಲುಂಗಿ ಸರಿಮಾಡಿಕೊಂಡು ನೆಟ್ಟಗೆ ನಿಂತರು. ಕೈ ಎತ್ತಿದರು. ನಾಜಿ ಕಾಲಿನಿಂದ ಕುರ್ಚಿ ತಳ್ಳಿಕೊಂಡು ಹಿಂದೆ ಬಂದ. ಎಡಕ್ಕೆ, ತಡೆ, ಬಲಕ್ಕೆ, ಇನ್ನೂ ಸ್ವಲ್ಪ. ಎರಡು ಮೇಜುಗಳ ನಡುವಿನ ಇಕ್ಕಟ್ಟಿಗೆ ಕುರ್ಚಿ ಯಾವುದಕ್ಕೂ ತಾಗದೆ ಬಂದು ಸೇರಿತು. ತೋಳು ಅಡ್ಡ. ನಿಂತಿತು. ಕಾಯುತ್ತಿದ್ದ ಜನರೆಲ್ಲ ನಗುತ್ತಿದ್ದರು. ಹಿರಿಯ ಅಧಿಕಾರಿ ನಗಲಿಲ್ಲ. "ಬರೆಯಪ್ಪ," ಎಂದರು ಗುಮಾಸ್ತನಿಗೆ. "ಎದುರು ಪಾಳಯದವನು ಕಂಡಿದ್ದಾನೆ, ಎಂದು ಬರೆ."

ಹೊರಗೆ ಬಂದ ಮೇಲೆ ಸಾಲಿಮ್ ನಾಜಿಯ ಹಣೆಗೆ ಮುತ್ತಿಟ್ಟರು. ನಾನು ಗಾಡಿಯ ಟಯರು ನೋಡುವ ನೆವದಲ್ಲಿ ಆಚೆ ಹೋದೆ.

ಕೆಲವು ತಿಂಗಳಲ್ಲಿ ಪಿಂಚಣಿ ಮಂಜೂರಾಯಿತು. ದೊಡ್ಡದಲ್ಲ, ಆದರೆ ಕೂತು ಚಹಾ ಕುಡಿಯಲು ಸಾಕು. ಅಂಗಡಿಯನ್ನು ಇನ್ನೊಬ್ಬನಿಗೆ ಬಿಟ್ಟುಕೊಟ್ಟು ಅವರು ಹೊರಟರು. ಬಸ್ಸಿನ ಹತ್ತಿರ ನನಗೊಂದು ಲುಂಗಿ ಕೊಟ್ಟರು, ಅವರ ಊರಿನ ನೇಯ್ಗೆ, ಪಟ್ಟೆಯಂಚಿನದು. ಬಸ್ಸು ಹಿಂದೆ ಬರಬೇಕಿತ್ತು. ಯಾರೂ ಇರಲಿಲ್ಲ, ನಾನೇ ಹಿಂದೆ ನಿಂತು ಕೈ ಎತ್ತಿದೆ. ಕಿಟಕಿಯಿಂದ ಬಿಳಿ ತಲೆ ಹೊರಗೆ ಬಂತು.

"ಎಡಗೈ ಮೇಲೆ ಮಾರಾಯ! ಇನ್ನೂ ಮೇಲೆ!"

ಸರಿಮಾಡಿಕೊಂಡೆ. ಬಸ್ಸು ತಿರುಗಿ ದಾರಿ ಹಿಡಿಯಿತು. ಅದೇ ಕೊನೆಯ ಭೇಟಿ. ಈಗ ನಾಜಿ ಬಂದಾಗಲೆಲ್ಲ ಅವರಿಗೆ ಫೋನು ಮಾಡುತ್ತೇವೆ. ಏಡನ್ನಿನ ಚಹಾ ಕೆಟ್ಟುಹೋಗಿದೆಯಂತೆ, ಮೂರು ಅಂಗಡಿ ಬದಲಿಸಿದ್ದಾರಂತೆ. ಆ ದನಿಯಲ್ಲಿ ಅಷ್ಟು ಖುಷಿ.

ನಮ್ಮ ಓಣಿಯಲ್ಲಿ ಈಗ ಲಾರಿ ಬಂದರೆ ಬೊಬ್ಬೆಯೇ. ನಾನು ಕೆಲಸ ಬಿಟ್ಟು ಹೋಗಿ ನಿಲ್ಲುತ್ತೇನೆ.

ನನಗೆ ಈಗ ಇರುವುದು ಇಷ್ಟು: ಒಂದು ವರ್ಕ್‌ಶಾಪು, ನಾಲ್ಕು ಹೊಲಿಗೆ ಮೆಷಿನು, ಮೂವರು ಕೆಲಸದವರು, ಒಂದು ಪಿಕಪ್ಪು, ಊರಿನಲ್ಲಿ ಸ್ವಂತದ ಮನೆ, ಕಾಲೇಜು ಮುಗಿಸಿದ ಇಬ್ಬರು ಮಕ್ಕಳು, ಐದು ಲುಂಗಿ. ನಾಲ್ಕನ್ನು ಮಡಚಿ ಕಟ್ಟುತ್ತೇನೆ.