ಮೇಲಿನ ಮನೆ ಮೇಡಂ ಕಟ್ಟಿಕೊಟ್ಟ ಮಡೆ

ಮೇಲಿನ ಮನೆ ಮೇಡಂಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಮಂಗನಬಾವು ಬಂದು ಆ ಕಿವಿ ಹೋಯಿತಂತೆ. ಅದಕ್ಕೇ ಅವರು ಯಾರ ಮನೆಗೆ ಹೋದರೂ ಮೊದಲು ಕುರ್ಚಿಯನ್ನು ಓರೆ ಮಾಡಿ, ಬಲಗಿವಿ ಮಾತಾಡುವವರ ಕಡೆ ಬರುವ ಹಾಗೆ ಕೂರುತ್ತಿದ್ದರು. ಕತ್ತು ಒಂದು ಕಡೆ ವಾಲಿರುತ್ತಿತ್ತು. ಹಣೆಯ ವಿಭೂತಿ ಪಟ್ಟೆಯೂ ಅದರ ಜೊತೆ ವಾಲಿದಂತೆ ಕಾಣುತ್ತಿತ್ತು. ನಾನೋ ಮೊದಲಿನಿಂದ ಮೆಲುದನಿಯವಳು. ಊರಿನ ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕೂಗಿದರೆ ನನ್ನ ಬದಲು ಪಕ್ಕದವಳು “ಬಂದವ್ಳೆ ಸಾ” ಎನ್ನುತ್ತಿದ್ದಳು. ಅಂಥ ನನಗೆ ಒಂದೇ ಕಿವಿಯ ಬಾಡಿಗೆದಾರರು ಸಿಕ್ಕರು.

ಮಕ್ಕಳೇ, ಹೋದ ರಜೆಯಲ್ಲಿ ನೀವು ಮೆಟ್ಟಿಲ ಕೆಳಗಿನ ಗೂಡಿನಲ್ಲಿರುವ ಹಳೆಯ ಲ್ಯಾಪ್‌ಟಾಪ್ ನೋಡಿ, “ಅಜ್ಜಿ, ಇದು ಯಾವಾಗ್ಲೂ ಆನ್ ಆಗೇ ಇರುತ್ತಲ್ಲ, ಯಾರದು?” ಎಂದು ಕೇಳಿದಿರಿ. “ಮನೇದೇ” ಎಂದಷ್ಟೇ ಹೇಳಿದೆ. ಬಾಯಲ್ಲಿ ಹೇಳಲು ಆಗಲಿಲ್ಲ. ಬರೆಯುವುದು ನನಗೆ ಸುಲಭ.

ಈ ಪಟ್ಟಂದೂರು ಅಗ್ರಹಾರದಲ್ಲಿ ನಮ್ಮ ಹೊಲದ ಬಹುಭಾಗ ಐಟಿ ಪಾರ್ಕಿಗೆ ಹೋದ ಮೇಲೆ, ಉಳಿದ ಜಾಗದಲ್ಲಿ ನಿಮ್ಮ ತಾತ ಎಂಟು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟರು. ಆ ಮನೆಗಳೆಲ್ಲ ನಡೆಯುತ್ತಿದ್ದದ್ದು ಅವರ ಬಾಯಿಂದ ಮತ್ತು ಕಾಲಿನಿಂದ. ಸಂಪಿನಲ್ಲಿ ನೀರು ಇಳಿದರೆ ಟ್ಯಾಂಕರ್‌ನವನಿಗೆ ಫೋನು ಮಾಡುವುದು, ಮೋಟರ್ ಹಾಕುವುದು, ಆರಿಸುವುದು, ಕಸದ ಗಾಡಿ ಬಂತು ಎಂದು ಕೂಗುವುದು, ಗೇಟಿಗೆ ಅಡ್ಡ ನಿಲ್ಲಿಸಿದ ಬೈಕು ತೆಗೆಸುವುದು ಎಲ್ಲ ಅವರೇ. ನಾನು ಒಳಗೆ ಇರುತ್ತಿದ್ದೆ. ಯಾವ ಮನೆಯಲ್ಲಿ ಯಾರಿದ್ದಾರೆ ಎಂದು ಮುಖ ನೋಡಿ ಗೊತ್ತಿತ್ತೇ ಹೊರತು ಒಬ್ಬರ ಜೊತೆಯೂ ಮಾತಾಡಿರಲಿಲ್ಲ.

ತಾತ ಹೋದರು. ತಿಥಿ ಮುಗಿಯಿತು, ನೆಂಟರು ಹೊರಟರು, ನಿಮ್ಮಮ್ಮನೂ ನಿಮ್ಮನ್ನು ಕರೆದುಕೊಂಡು ಹೊರಟಳು. ನನಗೆ ಅಳು ಬರಲಿಲ್ಲ. ಹಸಿವೂ ತಿಳಿಯುತ್ತಿರಲಿಲ್ಲ. ಕೈಗೆ ಚಳಿಯಲ್ಲಿ ಜೋಮು ಹಿಡಿದಾಗ ಚುಚ್ಚಿದರೂ ಗೊತ್ತಾಗುವುದಿಲ್ಲವಲ್ಲ, ಮೈಯೆಲ್ಲ ಹಾಗಿತ್ತು. ತಾತನ ಫೋನು ಮಾತ್ರ ಬಡಿದುಕೊಳ್ಳುತ್ತಲೇ ಇತ್ತು. ನಾನು ಅದರ ಎದುರು ಕೂತು, ನಿಲ್ಲುವವರೆಗೂ ನೋಡುತ್ತಿದ್ದೆ.

ಆಗ ಹೂಡಿಯಿಂದ ನಿಮ್ಮ ಚಿಕ್ಕ ತಾತ ಬಂದ. ಒಳ್ಳೆಯವನೇ. ನನ್ನ ಮೇಲೆ ಅಕ್ಕರೆ ಇಟ್ಟೇ ಹೇಳಿದ: “ಅತ್ಗೆ, ಅಣ್ಣ ಇಲ್ದೆ ನೀವೊಬ್ರೇ ಎಂಗೆ ನೋಡ್ಕಂತೀರಾ? ಪಿಜಿ ನಡ್ಸೋ ಒಬ್ಬ ಪೂರ್ತಿ ಬಿಲ್ಡಿಂಗ್ ಕೇಳ್ತಾವ್ನೆ. ಕೊಟ್ಬಿಡಿ. ನಮ್ಮನೇಲಿ ಒಂದು ರೂಮೈತೆ, ಬಂದು ತಣ್ಣಗಿರಿ.”

ಪಿಜಿಯವನಿಗೆ ನಾನಿದ್ದ ಕೆಳಗಿನ ಮನೆಯೂ ಬೇಕಿತ್ತು. ಅಲ್ಲಿ ಅಡುಗೆಮನೆ ಮಾಡುತ್ತಾನಂತೆ. ಯುಗಾದಿ ಆಗಲಿ, ಆಮೇಲೆ ಹೇಳುತ್ತೇನೆ ಎಂದೆ. ಬೇಡ ಎಂದರೆ ಈ ಮನೆಯನ್ನು ನಡೆಸುವವರು ಯಾರು?

ಅದೇ ವಾರ ಒಂದು ಬೆಳಿಗ್ಗೆ ನಲ್ಲಿಯಲ್ಲಿ ನೀರು ನಿಂತಿತು. ಮೇಲಿನ ಮನೆ ಮೇಡಂ ಕೆಳಗಿಳಿದು ಬಂದರು. ದಾವಣಗೆರೆ ಕಡೆಯವರು, ನಮ್ಮ ಪಕ್ಕದ ಐಟಿ ಪಾರ್ಕಿನಲ್ಲಿ ಕೆಲಸ. ಒಬ್ಬರೇ ಇದ್ದರು. ಯಾಕೆಂದು ನಾನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಬಾಗಿಲಲ್ಲೇ ನಿಂತು ನೀರಿನ ಮಾತು ಎತ್ತುತ್ತಾರೆ ಅಂದುಕೊಂಡೆ. ಅವರು ಒಳಗೆ ಬಂದು, ಕುರ್ಚಿ ತಿರುಗಿಸಿ ಕೂತು, ಬಡಿದುಕೊಳ್ಳುತ್ತಿದ್ದ ಫೋನನ್ನೂ ನನ್ನನ್ನೂ ನೋಡಿದರು.

“ಯಾಕ್ರೀ ಅಮ್ಮ, ಎತ್ತಲ್ವಾ?”

“ಏನು ಹೇಳ್ಬೇಕೋ ಗೊತ್ತಾಗಲ್ಲ.”

“ಏನಂದ್ರಿ? ಜೋರಾಗಿ ಹೇಳ್ರೀ, ನಂದು ಒಂದೇ ಕಿವಿ.”

ಇನ್ನೊಮ್ಮೆ ಹೇಳಿದೆ. ಮತ್ತೂ ಒಮ್ಮೆ ಹೇಳಿಸಿದರು. ಮೂರನೆಯ ಸಲಕ್ಕೆ ನನ್ನ ದನಿ ನನಗೇ ಕೇಳಿಸಿತು. ಅವರು ಸಮಾಧಾನ ಮಾಡಲಿಲ್ಲ. “ಸರಿ ಹಾಗಾದ್ರೆ. ಹೇಳೋ ಕೆಲಸಾನ ಬೇರೆಯದಕ್ಕೆ ಹಚ್ಚೋಣ” ಎಂದು ಎದ್ದು ಹೋದರು.

ಭಾನುವಾರ ಒಂದು ಹಳೆಯ ಲ್ಯಾಪ್‌ಟಾಪ್ ತಂದು ಮೆಟ್ಟಿಲ ಕೆಳಗೆ ಇಟ್ಟರು. ಸಂಪಿನೊಳಗೂ ತಾರಸಿಯ ಟ್ಯಾಂಕಿನೊಳಗೂ ನೀರಿನ ಮಟ್ಟ ತಿಳಿಸುವ ಒಂದೊಂದು ಚಿಕ್ಕ ಸಾಧನ ಇಳಿಬಿಟ್ಟರು. ಮೋಟರಿನ ಸ್ವಿಚ್ಚಿಗೂ ಒಂದನ್ನು ಕೂರಿಸಿದರು. ಪರದೆಯ ಮೇಲೆ ಚೌಕ ಚೌಕಗಳು, ಒಂದರಿಂದ ಇನ್ನೊಂದಕ್ಕೆ ಗೆರೆ. ಒಂದು ಚೌಕ ‘ನೀರು ಇಳಿಯಿತು’. ಅಲ್ಲಿಂದ ಒಂದು ಗೆರೆ ಟ್ಯಾಂಕರ್‌ನವನ ಫೋನಿಗೆ, ಇನ್ನೊಂದು ಗೆರೆ ಎಂಟೂ ಮನೆಯವರಿಗೆ. ‘ಟ್ಯಾಂಕ್ ಖಾಲಿ’ ಎಂಬ ಚೌಕದಿಂದ ಮೋಟರ್ ಹಾಕಲು ಒಂದು, ‘ಟ್ಯಾಂಕ್ ತುಂಬಿತು’ ಎಂಬ ಚೌಕದಿಂದ ಮೋಟರ್ ಆರಿಸಲು ಮತ್ತೊಂದು. ಬಹಳ ಹೊತ್ತು ನೋಡಿ ನಾನು ಕೇಳಿದೆ: “ಇದು ಮಡೆ ಕಟ್ಟೋ ಥರಾನಾ?”

ನಿಮಗೆ ಮಡೆ ಗೊತ್ತಿಲ್ಲ. ನಮ್ಮಪ್ಪನ ತೋಟದಲ್ಲಿ ಕಾಲುವೆಯ ನೀರನ್ನು ಒಂದು ಪಾತಿಗೆ ಬಿಡಲು ಗುದ್ದಲಿಯಿಂದ ಮಣ್ಣು ಒಡೆಯುತ್ತಿದ್ದೆವು. ಪಾತಿ ತುಂಬಿದರೆ ಅದೇ ಮಣ್ಣಿನಿಂದ ಬಾಯಿ ಮುಚ್ಚಿ, ಮುಂದಿನದಕ್ಕೆ ಒಡೆಯುವುದು, ಅದೇ ಮಡೆ ಕಟ್ಟುವುದು. ನೀರು ತಾನೇ ಓಡುತ್ತದೆ. ಎಲ್ಲಿಗೆ ಓಡಬೇಕು ಎನ್ನುವುದಷ್ಟೇ ನಮ್ಮ ಕೆಲಸ.

“ಹ್ಞೂಂ ರೀ, ಮಡೆನೇ” ಎಂದರು ಮೇಡಂ. ಅಂದಿನಿಂದ ನಮ್ಮಿಬ್ಬರಲ್ಲಿ ಅದಕ್ಕೆ ಅದೇ ಹೆಸರಾಯಿತು. ಇದನ್ನೆಲ್ಲ ಫೋನಿನಲ್ಲೇ, ಯಾವುದೋ ಕಂಪನಿಯವರು ಮಾಡಿಕೊಡುವುದಿಲ್ಲವೇ ಎಂದು ಕೇಳಿದ್ದಕ್ಕೆ ಅವರು ಹೇಳಿದ್ದು ನೆನಪಿದೆ: “ಮಾಡ್ತಾರೆ ರೀ. ಆದ್ರೆ ಯಾವ ಮನೇಲಿ ಯಾರು ಊರಿಗೆ ಹೋಗಿದಾರೆ, ಯಾವಾಗ ಬೀಗ ಹಾಕಿರುತ್ತೆ ಅನ್ನೋದೆಲ್ಲ ಊರೋರ ಜಗಲಿ ಮೇಲೆ ಯಾಕಿರ್ಬೇಕು? ನಮ್ಮನೆ ಮಾತು ನಮ್ಮನೆ ಮೆಟ್ಟಿಲ ಕೆಳಗೇ ಇರ್ಲಿ.” ಮನೆಯಲ್ಲಿ ಇಟ್ಟುಕೊಂಡರೆ ಕಾಟವೂ ಉಂಟು ಎನ್ನುವುದನ್ನು ಮುಚ್ಚಿಡಲಿಲ್ಲ. ಧೂಳು ಒರೆಸಬೇಕು, ಇರುವೆ ಬಾರದ ಹಾಗೆ ನೋಡಬೇಕು, ಕರೆಂಟ್ ಹೋಗಿ ಬಂದ ಮೇಲೆ ಎಲ್ಲ ಓಡುತ್ತಿದೆಯೇ ಎಂದು ನೋಡಬೇಕು. “ಹಸು ಕಟ್ಟಿದ್ಹಂಗೆ ರೀ, ದಿನಾ ಒಂದ್ಸಲ ಮುಖ ನೋಡ್ಬೇಕು” ಎನ್ನುತ್ತಿದ್ದರು.

ನಮ್ಮ ಬಾಡಿಗೆದಾರರಲ್ಲಿ ಒಡಿಶಾದವರಿದ್ದರು, ಆಂಧ್ರದ ಹುಡುಗರಿದ್ದರು, ಬಿಹಾರದವರಿದ್ದರು. ನಾನು ಕನ್ನಡದಲ್ಲಿ ಬರೆದರೆ ಅವರವರ ಭಾಷೆಯಲ್ಲಿ ಅವರವರಿಗೆ ಹೋಗುವ ಹಾಗೆ ಮೇಡಂ ಮಾಡಿದರು. ಕೆಳಗೆ ಯಾರ ಹೆಸರು ಹಾಕಲಿ ಎಂದು ಕೇಳಿದರು. ನಿಮ್ಮ ತಾತನ ಹೆಸರು ನಾನು ಬಾಯಿಬಿಟ್ಟು ಹೇಳುವವಳಲ್ಲ. ನನ್ನ ಹೆಸರು ಹಾಕಿಸಲು ನಾಚಿಕೆ. “ಕೆಳಗಿನ ಮನೆಯಿಂದ” ಎಂದಿರಲಿ ಎಂದೆ.

ಒಂದಷ್ಟು ದಿನ ಎಲ್ಲ ಸರಿಯಾಗಿ ನಡೆಯಿತು. ಫೋನು ಬಡಿದುಕೊಳ್ಳುವುದು ಕಡಿಮೆಯಾಯಿತು. ಆಮೇಲೆ ಚಂದ್ರಗ್ರಹಣ ಬಂತು.

ಗ್ರಹಣ ಬಿಟ್ಟ ಮೇಲೆ ತುಂಬಿಟ್ಟ ನೀರನ್ನು ಚೆಲ್ಲಿ ಹೊಸ ನೀರು ತುಂಬುವುದು ನಮ್ಮ ಅತ್ತೆಯ ಕಾಲದಿಂದ ನಡೆದುಬಂದ ಪದ್ಧತಿ. ಮಾರನೆಯ ಬೆಳಿಗ್ಗೆ ಕೊಡ, ಹಂಡೆ ಬರಿದು ಮಾಡಿದೆ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು, ತಲೆ ಎಲ್ಲೋ ಇತ್ತು. ತಾರಸಿಗೆ ಹೋಗಿ ದೊಡ್ಡ ಟ್ಯಾಂಕಿನ ನೀರು ಹೊರಬಿಡುವ ಪೈಪನ್ನೂ ತಿರುಗಿಸಿ ತೆರೆದು, ಇಳಿದು ಬಂದು ಸ್ನಾನಕ್ಕೆ ಹೋದೆ. ಟ್ಯಾಂಕ್ ಖಾಲಿಯಾಯಿತೆಂದು ಮೆಟ್ಟಿಲ ಕೆಳಗಿನದು ಮೋಟರ್ ಹಾಕಿತು. ಮೋಟರ್ ಸಂಪಿನ ನೀರನ್ನೆಲ್ಲ ಮೇಲಕ್ಕೆ ಎಳೆಯಿತು, ಅದು ಹಾಗೇ ಪೈಪಿನಿಂದ ಬೀದಿಗೆ ಹೋಯಿತು. ಸಂಪು ಬರಿದಾಯಿತೆಂದು ಟ್ಯಾಂಕರ್‌ನವನಿಗೆ ಹೇಳಿಕಳಿಸಿತು. ಬಿಡದೆ, ಮತ್ತೆ ಮತ್ತೆ ಹೇಳಿಕಳಿಸಿತು.

ನಾನು ಹೊರಗೆ ಬಂದಾಗ ಬೀದಿಯಲ್ಲಿ ಮೂರು ಟ್ಯಾಂಕರ್ ಸಾಲಾಗಿ ನಿಂತು ಹಾರ್ನ್ ಹೊಡೆಯುತ್ತಿದ್ದವು. ಹಲ್ಲುಜ್ಜುತ್ತಿದ್ದವರೆಲ್ಲ ಬ್ರಷ್ ಸಮೇತ ಬಾಲ್ಕನಿಗೆ ಬಂದಿದ್ದರು. ಟ್ಯಾಂಕರ್ ಮಾಲೀಕ ಬೈಕಿನಿಂದ ಇಳಿದು ಕೂಗುತ್ತಿದ್ದ: “ಒಂದರ ಮೇಲೊಂದು ಮೆಸೇಜು! ಮನೇಲಿ ಏನೋ ದೊಡ್ಡ ಕಾರ್ಯ ಇರ್ಬೇಕು ಅಂತ ಮೂರೂ ಗಾಡಿ ಕಳ್ಸಿದೀನಿ. ಎಲ್ಲಿಗ್ ಬಿಡಾಣ ಹೇಳ್ರೀ!”

ಅದೇ ಹೊತ್ತಿಗೆ ಚಿಕ್ಕ ತಾತನ ಸ್ಕೂಟರ್ ಬಂತು. ಹಿಂದೆ ಪಿಜಿಯವನು ಕೂತಿದ್ದ. ಯುಗಾದಿ ಕಳೆದಿತ್ತು, ಉತ್ತರ ಕೇಳಲು ಬಂದಿದ್ದರು.

ಮೇಡಂ ಆಗಲೇ ತಾರಸಿಗೆ ಓಡಿ ಪೈಪು ಮುಚ್ಚಿ ಕೆಳಗಿಳಿದಿದ್ದರು. ಟ್ಯಾಂಕರ್‌ನವನು ಅವರ ಹತ್ತಿರ ಹೋದ. “ಮೇಡಂ, ನೀವಾದ್ರೂ ಹೇಳಿ.” ಅವರು ನಿಧಾನವಾಗಿ ತಿರುಗಿ ಎಡಗಿವಿಯನ್ನು ಅವನ ಕಡೆಗೆ ಕೊಟ್ಟು ನಿಂತರು.

“ಈ ಕಿವಿ ಕೇಳ್ಸಲ್ರೀ ಅಣ್ಣ. ಮನೆ ಅಮ್ಮಾರದು. ಅವರನ್ನೇ ಕೇಳ್ರಿ.”

ಎಲ್ಲರೂ ನನ್ನ ಕಡೆ ನೋಡಿದರು. ನನ್ನ ತಲೆಗೂದಲಿಂದ ಇನ್ನೂ ನೀರು ಇಳಿಯುತ್ತಿತ್ತು. ಹೆದರಿಕೆ ಆಗಬೇಕಿತ್ತು, ಆಗಲಿಲ್ಲ. ಆಗಿನ ನನ್ನ ಮೈಗೆ ಹೆದರಿಕೆಯೂ ಹತ್ತುತ್ತಿರಲಿಲ್ಲ. ಬಾಯಿ ತೆರೆದೆ.

“ಮೊದಲ್ನೇ ಗಾಡಿ ಸಂಪಿಗೆ ಬಿಡು. ಎರಡ್ನೇದು ಎದುರು ಮನೆಯೋರಿಗೆ ಬೇಕಾ ಕೇಳು, ಅವರಿಗೆ ನೆನ್ನೆಯಿಂದ ನೀರಿಲ್ಲ. ಮೂರ್ನೇದು ವಾಪಸ್ ತಗೊಂಡೋಗು. ಇನ್ನೊಂದ್ಸಲ ಹಾರ್ನ್ ಹೊಡೀಬ್ಯಾಡ, ಮೇಲೆ ಎಳೇ ಮಗು ಮಲಗೈತೆ.”

ಟ್ಯಾಂಕರ್‌ನವನು “ಆಯ್ತಮ್ಮ” ಎಂದು ಪೈಪು ಇಳಿಸಲು ಹೋದ. ಅಷ್ಟೇ ಆಗಿದ್ದು.

ಚಿಕ್ಕ ತಾತ ಹತ್ತಿರ ಬಂದ. “ನೋಡಿದ್ರಾ ಅತ್ಗೆ? ಮಿಸೀನ್ ನಂಬ್ಕಂಡ್ರೆ ಇಂಗೇ ಆಗೋದು.”

“ಮಿಸೀನ್‌ಗೆ ಗ್ರಹಣ ಗೊತ್ತಿಲ್ಲ ಕಣಪ್ಪ. ಪೈಪ್ ತಿರುಗ್ಸಿದ್ದು ನಾನು” ಎಂದೆ. ಆಮೇಲೆ, ಅದೇ ದನಿಯಲ್ಲಿ, “ಮನೆ ಕೊಡಲ್ಲ. ನಾನೇ ನೋಡ್ಕಂತೀನಿ. ಒಳಗ್ ಬನ್ನಿ, ಕಾಫಿ ಕುಡ್ಕಂಡು ಹೋಗಿ” ಎಂದೆ.

ಅವನು ಸ್ಕೂಟರ್ ಕೀಲಿಯನ್ನು ಜೇಬಿಗೆ ಹಾಕಿದ. “ನಿಮ್ ಬಾಯಲ್ಲಿ ಇಷ್ಟು ಮಾತು ನಾನ್ ಕೇಳೇ ಇರ್ಲಿಲ್ಲ ಬಿಡಿ” ಎಂದ. ಕಾಫಿ ಕುಡಿದ. ಪಿಜಿಯವನೂ ಕುಡಿದ, ಸಕ್ಕರೆ ಕಮ್ಮಿ ಎಂದ.

ಸಂಜೆ ಮೇಡಂ ರೊಟ್ಟಿ, ಶೇಂಗಾ ಚಟ್ನಿಪುಡಿ ಹಿಡಿದು ಬಂದರು. “ನಿಮ್ಮ ಗ್ರಹಣ ನನ್ನ ತಲೇಲೇ ಇರ್ಲಿಲ್ರೀ ಅಮ್ಮ” ಎಂದು ನಕ್ಕರು. ಲ್ಯಾಪ್‌ಟಾಪ್ ಮುಂದೆ ಕೂತು ಒಂದು ಚೌಕ ಹೆಚ್ಚು ಸೇರಿಸಿದರು. ಇನ್ನು ಮುಂದೆ ಟ್ಯಾಂಕರ್ ಕರೆಯುವ ಮುಂಚೆ, ಯಾರಿಗಾದರೂ ಸುದ್ದಿ ಕಳಿಸುವ ಮುಂಚೆ ಅದು ನನ್ನ ಫೋನಿನಲ್ಲಿ “ಕಳಿಸಲೇ?” ಎಂದು ಕೇಳಬೇಕು. ನಾನು ಹೂಂ ಎಂದರೆ ಮಾತ್ರ ಕಳಿಸಬೇಕು. “ಯಾವುದನ್ನ ತಾನೇ ಮಾಡ್ಬೇಕು, ಯಾವುದನ್ನ ಕೇಳಿ ಮಾಡ್ಬೇಕು. ಅಷ್ಟು ತಿಳಿದ್ರೆ ಮುಗೀತ್ರೀ, ಉಳಿದಿದ್ದು ಬರೀ ಗೆರೆ ಎಳೆಯೋದು” ಎಂದರು.

ಗೆರೆ ಎಳೆಯುವುದನ್ನೂ ಕಲಿಸಿದರು. ಪ್ರತಿ ಭಾನುವಾರ ಬಂದು ಕೂರುತ್ತಿದ್ದರು. ತಪ್ಪಾದರೆ ತಿದ್ದುತ್ತಿರಲಿಲ್ಲ. “ಎಲ್ಲಿ ಮಡೆ ಒಡೀತು ನೋಡ್ರಿ” ಎಂದು ಹೇಳಿ, ತಮ್ಮ ಪಾಡಿಗೆ ಅವರೆಕಾಳು ಬಿಡಿಸಲು ಕೂರುವರು. ಕಸದ ಗಾಡಿಯದ್ದನ್ನು ನಾನೇ ಕಟ್ಟಿದೆ. ನನ್ನ ಬಿಪಿ ಮಾತ್ರೆಯದ್ದನ್ನೂ ಕಟ್ಟಿದೆ. ಮಾತ್ರೆ ತೆಗೆದುಕೊಂಡೆ ಎಂದು ಒತ್ತದಿದ್ದರೆ ನಿಮ್ಮಮ್ಮನಿಗೆ ಸುದ್ದಿ ಹೋಗುತ್ತದೆ, ಅದಕ್ಕೇ ಅವಳು ಆಗಾಗ ಫೋನು ಮಾಡಿ ಬೈಯುವುದು. ಗ್ರಹಣದ ದಿನ ಮೋಟರ್ ಮುಟ್ಟದ ಹಾಗೆ ಒಂದು ಕಟ್ಟಿ ತೋರಿಸಿದಾಗ ಮೇಡಂ ಕೈಯಲ್ಲಿದ್ದ ಕಾಳು ಕೆಳಗೆ ಚೆಲ್ಲುವಷ್ಟು ನಕ್ಕರು. ನನಗೂ ನಗು ಬಂತು. ನಿಮ್ಮ ತಾತ ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು ಎಂದು ಆಮೇಲೆ, ಪಾತ್ರೆ ತೊಳೆಯುವಾಗ ಹೊಳೆಯಿತು.

ಎರಡು ಯುಗಾದಿ ಹೀಗೆ ಕಳೆದವು. ಮೇಡಂ ಸುಸ್ತು ಸುಸ್ತು ಎನ್ನತೊಡಗಿದರು. ಮೆಟ್ಟಿಲ ನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ರಕ್ತದ ಕಾಯಿಲೆ ಎಂದು ಗೊತ್ತಾದ ಮೇಲೆ ದಾವಣಗೆರೆಗೆ, ಅಣ್ಣನ ಮನೆಗೆ ಹೊರಟರು. ಬೀಗದ ಕೈ ನನ್ನ ಕೈಗೆ ಕೊಟ್ಟು, ಮೆಟ್ಟಿಲ ಕೆಳಗಿನದನ್ನು ತೋರಿಸಿ, “ಇದು ನಿಂತ್ರೆ ಹೆದರಬೇಡ್ರಿ ಅಮ್ಮ. ಇದು ಇಲ್ದಾಗ್ಲೂ ಈ ಮನೆ ನಡೀತಿತ್ತು” ಎಂದರು. ನಾನು ಏನಾದರೂ ಹೇಳಬೇಕಿತ್ತು. “ಹುಷಾರಾಗಿ ಬನ್ನಿ” ಎಂದೆ.

ಅವರ ಅಣ್ಣ ಫೋನು ಮಾಡಿದ ದಿನ ಒಲೆಯ ಮೇಲೆ ಅನ್ನ ಬೇಯುತ್ತಿತ್ತು. ಫೋನು ಎತ್ತಿ ಹಲೋ ಎಂದೆ. ಅವರು ಹೇಳಿದರು. ಮಣ್ಣೂ ಆಗಿಹೋಗಿತ್ತು. ಒಲೆ ಆರಿಸಿದೆ. ಅನ್ನ ಬಸಿದೆ. ತಟ್ಟೆ ಹಾಕಿಕೊಳ್ಳಲಿಲ್ಲ. ಅಳು ಈ ಸಲವೂ ಬರಲಿಲ್ಲ.

ಬಾಡಿಗೆ ಮನೆಯವರಿಗೆಲ್ಲ ತಿಳಿಸಬೇಕು. ಅಭ್ಯಾಸದಂತೆ ಬರೆದೆ: “ಮೇಲಿನ ಮನೆ ಮೇಡಂ ತೀರಿಕೊಂಡರು. ಕೆಳಗಿನ ಮನೆಯಿಂದ.” “ಕಳಿಸಲೇ?” ಎಂದು ಕೇಳಿತು. ಒತ್ತಿದರೆ ಒಡಿಯಾದಲ್ಲಿ, ತೆಲುಗಿನಲ್ಲಿ, ಹಿಂದಿಯಲ್ಲಿ ಹೋಗಿಬಿಡುತ್ತಿತ್ತು. ಬೇಡ ಎಂದು ಒತ್ತಿದೆ. ಸಾವಿನ ಸುದ್ದಿಯನ್ನು ನಮ್ಮಲ್ಲಿ ಒಬ್ಬರು ನಡೆದುಹೋಗಿ, ಬಾಗಿಲಲ್ಲಿ ನಿಂತು ಹೇಳುತ್ತಾರೆ. ನಿಮ್ಮ ತಾತ ತೀರಿಕೊಂಡಾಗ ಚಿಕ್ಕ ತಾತ ಹೋಗಿ ಹೇಳಿಬಂದಿದ್ದ. ಮೇಡಂ ಪರವಾಗಿ ಹೋಗಲು ಈ ಊರಿನಲ್ಲಿ ಅವರ ಪೈಕಿ ಯಾರೂ ಇರಲಿಲ್ಲ.

ಚಪ್ಪಲಿ ಹಾಕಿಕೊಳ್ಳದೆ ಮೆಟ್ಟಿಲು ಹತ್ತಿದೆ. ಆಂಧ್ರದ ಹುಡುಗರ ಬಾಗಿಲು ಬಡಿದೆ. ಒಳಗೆ ಮಿಕ್ಸಿ ಓಡುತ್ತಿತ್ತು, ಗಟ್ಟಿಯಾಗಿ ಹೇಳಬೇಕಾಯಿತು. ಹೇಳಿದೆ. ಅವರು ಮಿಕ್ಸಿ ನಿಲ್ಲಿಸಿ ಬಾಗಿಲಲ್ಲೇ ನಿಂತರು. ಮುಂದಿನ ಬಾಗಿಲು, ಅದರ ಮುಂದಿನದು. ಒಡಿಶಾದ ಹುಡುಗಿಗೆ ನನ್ನ ಕನ್ನಡ ಅರ್ಧವೇ ತಿಳಿಯಿತು. ಕೈ ಮೇಲಕ್ಕೆ ತೋರಿಸಿ ಇನ್ನೊಮ್ಮೆ ಹೇಳಿದೆ. ತಿಳಿದ ಮೇಲೆ ಅವಳು ಸೊಂಟದ ಮಗುವನ್ನು ಇಳಿಸಿ, ನನ್ನ ಕೈ ಹಿಡಿದು ಒಳಗೆ ಕರೆದುಕೊಂಡಳು. ನಿಮ್ಮ ತಾತ ಕಟ್ಟಿಸಿದ ಮನೆಗಳಲ್ಲಿ ಒಬ್ಬರ ಮನೆಯೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. “ಅಮ್ಮ, ಕೂತ್ಕೋ” ಎಂದು ಮಂಚ ತೋರಿಸಿ ಒಂದು ಲೋಟ ನೀರು ಕೊಟ್ಟಳು.

ಕೂತು ಕುಡಿದೆ. ಇನ್ನೂ ಎರಡು ಬಾಗಿಲು ಉಳಿದಿದ್ದವು. ಎದ್ದೆ.