ಒಂದೇ ಪುಸ್ತಕದ ಮನೆ

ಕಳಲೆ ನೆನೆಸಿಟ್ಟ ನೀರಿನ ವಾಸನೆಯನ್ನು ಯಾರೂ ಸುವಾಸನೆ ಎನ್ನುವುದಿಲ್ಲ. ಮೂಗು ಮುಚ್ಚಿಕೊಂಡು ಆ ನೀರು ಚೆಲ್ಲುವವರೇ ಹೆಚ್ಚು. ಹೋದ ತಿಂಗಳು ಜೋಯಿಡಾ ಕಡೆಯಿಂದ ಬಂದ ಗೆಳತಿಯೊಬ್ಬಳು ಒಂದು ಚೀಲ ಕಳಲೆ, ಬಿದಿರಿನ ಎಳೆ ಮೊಳಕೆ, ತಂದುಕೊಟ್ಟಳು. ಧಾರವಾಡದ ನನ್ನ ಮನೆಯಲ್ಲಿ ಅದನ್ನು ಹೆಚ್ಚಿ ಬಕೆಟ್ಟಿನಲ್ಲಿ ನೆನೆಹಾಕಿ, ಮರುದಿನ ಮುಚ್ಚಳ ತೆಗೆದೆ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಹದಿನೇಳರ ಮಗ್ಗಿ ಕೇಳಿಸಿತು. ಗೋಡೆಯಾಚೆ ಮೂರು ಮಕ್ಕಳು ಒಟ್ಟಿಗೆ ಒದರುತ್ತಿದ್ದ ಮಗ್ಗಿ, ನಡುವೆ ಮಾವಶಿಯ ದನಿ...

"ಹದಿನೇಳ ಆರ್ಲೆ ಎಷ್ಟ? ಯಾಕ, ಬಾಯಾಗ ಕಡುಬು ತುರುಕೊಂಡೀರೇನು?"

ದಾಂಡೇಲಿಯ ಕಾಗದದ ಮಿಲ್ಲಿನ ಕೆಲಸಗಾರರಿದ್ದ ಒಂದು ಚಾಳಿನಲ್ಲಿ ನಮ್ಮ ಮನೆಯಿತ್ತು. ಅಪ್ಪ ಮಿಲ್ಲಿನಲ್ಲಿ ಫಿಟ್ಟರ್. ಅತ್ತ ಸೂಪಾದಲ್ಲಿ ಆಣೆಕಟ್ಟು ಏಳುತ್ತಿದ್ದ ವರ್ಷಗಳು ಅವು. ಪಕ್ಕದ ಮನೆ ಮಾವಶಿಯದು. ರಕ್ತಸಂಬಂಧ ಏನೂ ಇಲ್ಲ; ಬೆಳಗಾವಿ ಕಡೆಯವಳಾದ್ದರಿಂದ ಚಾಳಿನ ಮಕ್ಕಳಿಗೆಲ್ಲ ಅವಳು ಮಾವಶಿ, ಮರಾಠಿಯ ಚಿಕ್ಕಮ್ಮ. ಎರಡೂ ಮನೆಗಳ ನಡುವಿನ ಗೋಡೆ ಹಂಚಿನತನಕ ಹೋಗಿರಲಿಲ್ಲ. ಹಾಗಾಗಿ ಅವರ ಮನೆಯ ಒಗ್ಗರಣೆ, ಜಗಳ, ಪಾಠ ಎಲ್ಲವೂ ನಮಗೆ ಪುಕ್ಕಟೆ ಬರುತ್ತಿದ್ದವು. ನಾನು ಸಾಲೆಯಲ್ಲಿ ಕಲಿತ ಮಗ್ಗಿಗಿಂತ ಆ ಗೋಡೆಯ ಮೇಲಿನಿಂದ ಬಿದ್ದ ಮಗ್ಗಿಯೇ ಹೆಚ್ಚು.

ಮಾವಶಿಯ ಗಂಡ ಬಿದಿರು ಕಡಿಯುವ ಗ್ಯಾಂಗಿನ ಮೇಸ್ತ್ರಿ. ದೀಪಾವಳಿ ಮುಗಿಯುತ್ತಲೇ ಸಂಸಾರವೆಲ್ಲ ಲಾರಿ ಹತ್ತಿ ಅಡವಿ ಸೇರುತ್ತಿತ್ತು. ಒಂದು ವರ್ಷ ಗಣೇಶಗುಡಿಯ ಆಚೆ, ಇನ್ನೊಂದು ವರ್ಷ ಅಣಶಿಯ ಕಡೆ. ಮಳೆ ಹಿಡಿದ ಮೇಲೆಯೇ ತಿರುಗಿ ಚಾಳಿಗೆ. ಸಾಲೆಗೆ ಬೇಸಿಗೆಯಲ್ಲಿ ರಜೆ, ಬಿದಿರಿಗೆ ಮಳೆಗಾಲದಲ್ಲಿ ರಜೆ. ಇವೆರಡೂ ಎಲ್ಲಿ ಕೂಡಬೇಕು? ಪರೀಕ್ಷೆಯ ಹೊತ್ತಿಗೆ ಅವಳ ಮಕ್ಕಳು ಅಡವಿಯಲ್ಲಿರುತ್ತಿದ್ದರು, ಮಾಸ್ತರರು ಹಾಜರಿಯಿಂದ ಹೆಸರು ಹೊಡೆದುಹಾಕುತ್ತಿದ್ದರು. ಪ್ರತಿ ವರ್ಷ ಹೋಗಿ ಕೈಮುಗಿದು ಹೆಸರು ಬರೆಸಿ ಬರೆಸಿ ಅವಳಿಗೂ ಸಾಕಾಗಿತ್ತು. ಒಂದು ಮಳೆಗಾಲ, "ಹೋಗ್ಲಿ ಬಿಡ್ರಿ, ನಾನs ಕಲಸ್ತೇನಿ" ಎಂದು ಸೆರಗು ಸಿಕ್ಕಿಸಿದಳು. ತಾನು ತವರಿನಲ್ಲಿ ನಾಲ್ಕನೆಯ ಇಯತ್ತೆ ಓದಿದ್ದ ಬಂಡವಾಳ ಅಷ್ಟೇ ಅವಳದ್ದು.

ಅವಳು ಸುಮ್ಮನೆ ಕೂತು ಪಾಠ ಹೇಳಿದ್ದನ್ನು ನಾನು ನೋಡಿಲ್ಲ. ಅಷ್ಟು ಪುರಸೊತ್ತು ಎಲ್ಲಿತ್ತು? ಗಂಡನಿಗೆ ಮಳೆಗಾಲವಿಡೀ ಕೆಲಸವಿಲ್ಲ. ಚಾಳಿನವರಿಗೆ ಕೌದಿ ಹೊಲಿದುಕೊಟ್ಟು ಅವಳೇ ಮನೆ ತೂಗಿಸಬೇಕು. ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಮಕ್ಕಳು ಬಣ್ಣ ನೋಡಿ ಜೋಡಿಸಿಕೊಡಬೇಕು, ಅದೇ ಅವರ ಲೆಕ್ಕದ ತಾಸು. ಒಂದು ಸಾಲಿಗೆ ಇಷ್ಟು ತುಂಡಾದರೆ ಇಡೀ ಕೌದಿಗೆ ಎಷ್ಟು ಎಂದು ಹೇಳದೆ ಸೂಜಿಗೆ ದಾರ ಏರುತ್ತಿರಲಿಲ್ಲ. ಕಳಲೆ ಹೆಚ್ಚುವಾಗ ಮಗ್ಗಿ, ರೊಟ್ಟಿ ಬಡಿಯುವಾಗ ಪದ್ಯ. ದೊಡ್ಡವನು ಪಾಟಿ ಒರೆಸಿದ ಮೇಲೆಯೇ ಸಣ್ಣವನ ಸರದಿ. ಬಳಪ ಉಗುರಿನಷ್ಟಾದರೂ ಎಸೆಯುವ ಹಾಗಿಲ್ಲ, ಬಿದಿರಿನ ಕೊಳವೆಗೆ ಸಿಕ್ಕಿಸಿ ಬರೆಯಬೇಕು. ಹಾಸಿಗೆ ಇದ್ದಷ್ಟೇ ಕಾಲು ಚಾಚು ಎನ್ನುತ್ತಾರಲ್ಲ, ಮಾವಶಿ ಕಾಲನ್ನೂ ಮಡಚಿಕೊಂಡೇ ಇದ್ದವಳು.

ಪುಸ್ತಕ ಮಾತ್ರ ಒಂದೇ. ಪ್ರತಿ ಮಳೆಗಾಲ ಚಾಳಿನ ಯಾವುದೋ ಹುಡುಗ ಪಾಸಾಗಿ ಬಿಟ್ಟ ಹಳೆಯ ಪುಸ್ತಕ ಅವಳ ಮನೆಗೆ ಬರುತ್ತಿತ್ತು. ಗಂಡ ಕಡಿಸಿದ ಬಿದಿರು ಲಾರಿಗಟ್ಟಲೆ ಮಿಲ್ಲಿಗೆ ಬಂದು ಕಾಗದವಾಗಿ ದೇಶದ ತುಂಬ ಹೋಗುತ್ತಿತ್ತು. ಹೆಂಡತಿ ಎರಡನೆಯ ಪುಸ್ತಕ ಕೊಳ್ಳಲು ಹಿಂದೆಮುಂದೆ ನೋಡುತ್ತಿದ್ದಳು. ಇದಕ್ಕೆ ನಗಬೇಕೋ ಅಳಬೇಕೋ, ನನಗೆ ಈಗಲೂ ತಿಳಿಯುವುದಿಲ್ಲ.

ಆ ಒಂದು ಪುಸ್ತಕವನ್ನು ಒಲೆಯ ಮುಂದಿನ ಮಣೆಯ ಮೇಲೆ ತೆರೆದಿಡುತ್ತಿದ್ದರು. ಬಾಗಿಲು ಬಿಟ್ಟರೆ ಬೆಳಕು ಬರುವುದು ಅಲ್ಲಿ ಮಾತ್ರ. ಗಂಡುಮಕ್ಕಳಿಬ್ಬರೂ ಮಣೆಯ ಈಚೆ, ಪುಸ್ತಕಕ್ಕೆ ನೇರವಾಗಿ. ಕಿರಿಯವಳು ಗಂಗಿ, ನನ್ನ ವಾರಿಗೆಯವಳು, ಮಣೆಯ ಆಚೆ ಒಲೆಯ ಕಡೆ, ಅಣ್ಣಂದಿರಿಗೆ ಎದುರಾಗಿ. ಒಲೆಗೆ ಕಟ್ಟಿಗೆ ದೂಡುವುದು ಅವಳ ಕೆಲಸವಾಗಿತ್ತು, ಅದಕ್ಕೇ ಆ ಜಾಗ. ಮಾವಶಿ ಬಾಗಿಲ ಬಳಿ ಕೌದಿ ಹರಡಿಕೊಂಡು ಕೂತು ಕಿವಿಯಿಂದಲೇ ಪಾಠ ನೋಡುತ್ತಿದ್ದಳು. ಕಣ್ಣು ಸೂಜಿಯ ಮೇಲೆ. ಯಾರು ತಡವರಿಸಿದರು ಎಂದು ಕೇಳಿದರೆ ಸಾಕು, ಬೈಗುಳ ತಯಾರಿರುತ್ತಿತ್ತು. ಗಂಗಿ ಮಾತ್ರ ಬೈಸಿಕೊಂಡದ್ದೇ ಇಲ್ಲ. ಅಣ್ಣಂದಿರು ಸಾಲು ಹುಡುಕುವುದರೊಳಗೆ ಅವಳು ಓದಿ ಮುಗಿಸಿರುತ್ತಿದ್ದಳು. ಅವಳು ಓದುವಾಗ ನಮ್ಮವ್ವ ಈಚೆ ಕಡೆ ಸಾರು ಕುದಿಸುವುದನ್ನು ಬಿಟ್ಟು ಕೇಳುತ್ತಾ ನಿಲ್ಲುತ್ತಿದ್ದಳು.

"ನನ್ನ ಗಂಗಿ ಬಾಯಾರು ಆಗ್ತಾಳ ನೋಡ್ರಿ ವೈನಿ," ಎಂದು ಮಾವಶಿ ನಮ್ಮವ್ವನ ಮುಂದೆ ಹೇಳುತ್ತಿದ್ದಳು. ನಮ್ಮ ಕಡೆ ಹೆಣ್ಣು ಮಾಸ್ತರರನ್ನು ಬಾಯಾರು ಎನ್ನುವುದು. ಮೂರೂ ಮಕ್ಕಳನ್ನು ಬೈದು ಬೈದು ಕಲಿಸಿದವಳಿಗೆ ತನ್ನನ್ನು ಯಾರೂ ಬಾಯಾರು ಎನ್ನಲಿಲ್ಲವೆಂಬ ಕೊರಗು ಇತ್ತೋ ಏನೋ...

ಗಂಗಿಗೆ ಹತ್ತು ತುಂಬಿದ ವರ್ಷ ಹಳಿಯಾಳದ ಆಚೆ ಒಂದು ಹೆಣ್ಣುಮಕ್ಕಳ ವಸತಿಸಾಲೆಯ ಸುದ್ದಿಯನ್ನು ಅಪ್ಪ ತಂದ. ಊಟ, ಬಟ್ಟೆ, ಪುಸ್ತಕ ಎಲ್ಲ ಅಲ್ಲಿಯೇ. ಐದನೆಯ ಇಯತ್ತೆಗೆ ತೆಗೆದುಕೊಳ್ಳುತ್ತಾರೆ, ಸಾಲೆಯ ದಾಖಲೆ ಇಲ್ಲದಿದ್ದರೆ ಓದಿಸಿ ನೋಡುತ್ತಾರೆ. ಗಂಡುಮಕ್ಕಳಿಗೆ ಹೇಗೋ ಸೋದರಮಾವನ ಊರಿತ್ತು. ಗಂಗಿಗೆ ಇದೊಂದೇ ದಾರಿ. ಇದು ತಪ್ಪಿದರೆ ಮತ್ತೆ ಅಡವಿ, ಆಮೇಲೆ ಮದುವೆ. ಮಾವಶಿ ಎರಡು ಸಲ ಯೋಚಿಸಲಿಲ್ಲ. ತನ್ನ ಸೀರೆಯಲ್ಲಿ ಮಗಳಿಗೆ ಲಂಗ ಹೊಲಿದಳು. ದೊಡ್ಡವರ ಮುಂದೆ ಮಾತಾಡಲು ಧೈರ್ಯಕ್ಕೆ ನಮ್ಮವ್ವನನ್ನು ಕರೆದಳು. ಅವ್ವನ ಜೊತೆ ನಾನೂ ಕೆಂಪು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾವಶಿ ಮಗಳ ಕೂದಲು ತೀಡುತ್ತಲೇ ಇದ್ದಳು.

ಹೆಡ್‌ಬಾಯಾರ ಕೋಣೆಯ ಗೋಡೆಯ ಮೇಲೆ 'ಮನೆಯೇ ಮೊದಲ ಪಾಠಶಾಲೆ' ಎಂದು ದುಂಡಗೆ ಬರೆದಿತ್ತು. ಗೋಡೆಗಳಿಗೇನು, ಏನು ಬರೆದರೂ ಸುಮ್ಮನಿರುತ್ತವೆ. ಹೆಡ್‌ಬಾಯಾರು ಕೆಟ್ಟವರಲ್ಲ. ಗಂಗಿಯ ಗಲ್ಲ ಹಿಡಿದು ಮಾತಾಡಿಸಿ, ನಾಲ್ಕನೆಯ ಇಯತ್ತೆಯ ಕನ್ನಡ ಪುಸ್ತಕ ತೆರೆದು ಅವಳ ಕೈಗೆ ಕೊಟ್ಟರು. ಗಂಗಿ ಅದನ್ನು ನೋಡಿದಳು, ತಲೆಕೆಳಗಾಗಿ ತಿರುಗಿಸಿ ಹಿಡಿದಳು, ಸರಸರನೆ ಓದತೊಡಗಿದಳು. ಒಂದು ಕಡೆಯೂ ತಡವರಿಸಲಿಲ್ಲ. ಮಾವಶಿಯ ಮುಖ ಅರಳಿತ್ತು. ಅವಳ ಕಣ್ಣು ಹೆಡ್‌ಬಾಯಾರ ಮೇಲಿತ್ತು, ಪುಸ್ತಕದ ಮೇಲಲ್ಲ.

"ಪುಸ್ತಕ ತಲಿಕೆಳಗ ಹಿಡದಾಳಲ್ಲ!" ಎಂದರು ಹೆಡ್‌ಬಾಯಾರು. ತಾವೇ ಅದನ್ನು ನೆಟ್ಟಗೆ ಮಾಡಿ ಕೊಟ್ಟು, "ಹಾಂ, ಈಗ ಓದವಾ" ಎಂದರು.

ಗಂಗಿ ಪುಸ್ತಕ ನೋಡಿದಳು, ತಾಯಿಯನ್ನು ನೋಡಿದಳು. ಬಾಯಿಂದ ಒಂದು ಅಕ್ಷರವೂ ಬರಲಿಲ್ಲ.

"ಬಾಯಿಪಾಠ ಮಾಡ್ಸೀರಿ ನೀವು. ಅಕ್ಷರ ಗೊತ್ತಿಲ್ಲ ಈಕಿಗೆ."

ನಮ್ಮವ್ವ ಮುಂದೆ ಬಂದು, ಇನ್ನೊಂದು ಪಾಠ ತೆಗೆದು ನೋಡಿ ಎಂದಳು. ಹೊರಗೆ ಇನ್ನೂ ಎಷ್ಟೋ ತಾಯಂದಿರು ನಿಂತಿದ್ದರು. "ಒಂದ ವರ್ಷ ಸಾಲಿಗೆ ಹಾಕ್ರಿ, ಆಮ್ಯಾಲ ನೋಡೂಣು," ಎಂದು ಹೆಡ್‌ಬಾಯಾರು ಮುಂದಿನ ಹುಡುಗಿಯನ್ನು ಕರೆದರು. ಪಾಟಿಯ ಮೇಲೆ ಬರೆಸುವ ಮಾತೇ ಬರಲಿಲ್ಲ. ಐದು ನಿಮಿಷವೂ ಆಗಿರಲಿಕ್ಕಿಲ್ಲ, ನಾವು ಮತ್ತೆ ಅಂಗಳದಲ್ಲಿದ್ದೆವು.

ಬಸ್‌ಸ್ಟ್ಯಾಂಡಿನಲ್ಲಿ ಅವ್ವ ನಮಗೆ ಶೇಂಗಾ ಕೊಡಿಸಿದಳು. ತಿಂದು ಮುಗಿಸಿ ಗಂಗಿ ಆ ಪೊಟ್ಟಣದ ಕಾಗದ ಬಿಡಿಸಿದಳು, ತಲೆಕೆಳಗೆ ಮಾಡಿಕೊಂಡಳು, ತುಟಿ ಅಲ್ಲಾಡಿಸುತ್ತಾ ಓದತೊಡಗಿದಳು. ಮಾವಶಿ ಅದನ್ನು ನೋಡಿದಳು. ಕಾಗದ ತೆಗೆದುಕೊಂಡು ನೆಟ್ಟಗೆ ಮಾಡಿ ಮಗಳ ಕೈಯಲ್ಲಿಟ್ಟಳು. ಗಂಗಿ ಮತ್ತೆ ತಿರುಗಿಸಿದಳು. ಮಾವಶಿ ಹಾಗೆಯೇ ಕಟ್ಟೆಯ ಮೇಲೆ ಕೂತುಬಿಟ್ಟಳು.

"ಒಲಿ ಕಡೆ ಕೂಡ್ಸಿದ್ದೆ ವೈನಿ. ಹುಡುಗೂರು ಈ ಕಡೆ, ಈಕಿ ಆ ಕಡೆ. ದಿನಾ ಆ ಕಡಿಂದನs ನೋಡ್ಯಾಳ..."

ಅವ್ವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆದಮೇಲೆ ಅವಳು ಎದ್ದೇ ಬಿಟ್ಟಳು. "ಏಳ್ರಿ ಅಕ್ಕಾರ, ತಿರುಗಿ ಹೋಗೂಣು. ಇದ್ದದ್ದ ಇದ್ದಂಗ ಹೇಳೂಣು. ಬಾಯಾರು ತಿಳದವರದಾರ, ಕೇಳ್ತಾರ."

"ಏನಂತ ಹೇಳ್ಲಿ ವೈನಿ? ಮಗಳಿಗೆ ತಲಿಕೆಳಗ ಕಲಿಸೇನಿ ಅಂತ ಹೇಳ್ಲೇನು?"

ದಾಂಡೇಲಿ ಬಸ್ಸು ಬಂತು. ಅವ್ವ ಇನ್ನೂ ಅವಳ ಕೈ ಹಿಡಿದು ಎಳೆಯುತ್ತಿದ್ದಳು. ಮಾವಶಿ ಕೈ ಬಿಡಿಸಿಕೊಂಡು ಎಲ್ಲರಿಗಿಂತ ಮೊದಲು ಬಸ್ಸು ಹತ್ತಿದಳು. ಜಗಳಕ್ಕೆ ನಿಂತರೆ ಇಡೀ ಚಾಳನ್ನೇ ಎದುರು ಹಾಕಿಕೊಳ್ಳುತ್ತಿದ್ದ ಹೆಂಗಸು, ಆ ದಿನ ಕಿಟಕಿಯ ಕಡೆ ಮುಖ ಮಾಡಿದವಳು ದಾಂಡೇಲಿಯವರೆಗೂ ತಿರುಗಲಿಲ್ಲ.

ಅದೇ ಸಂಜೆ ಆ ಪುಸ್ತಕ ತಂದು ನಮ್ಮ ಮನೆಯ ಗೂಡಿನಲ್ಲಿಟ್ಟಳು. ನಿಮ್ಮ ಹುಡುಗಿಗಾದರೂ ಉಪಯೋಗಕ್ಕೆ ಬರಲಿ ಎಂದಳಂತೆ. ವಾರದೊಳಗೆ ಗಂಡುಮಕ್ಕಳು ಸೋದರಮಾವನ ಊರಿಗೆ ಹೋದರು. ಮಳೆ ಮಾತ್ರ ಪ್ರತಿ ವರ್ಷದಂತೆ ಹೊಯ್ಯುತ್ತಿತ್ತು, ಮಾವಶಿ ಕೌದಿ ಹೊಲಿಯುತ್ತಿದ್ದಳು, ಗಂಗಿ ತುಂಡು ಜೋಡಿಸುತ್ತಿದ್ದಳು. ಆದರೆ ಗೋಡೆಯಾಚೆಯಿಂದ ಸದ್ದಿಲ್ಲ. ಒಂದು ದಿನ ನಮ್ಮವ್ವ ಈಚೆಯಿಂದಲೇ ಕೂಗಿ, "ಅಕ್ಕಾರ, ಯಾಕ ಮಗ್ಗಿ ಹೇಳ್ಸವಲ್ರಿ?" ಎಂದು ಕೇಳಿದಳು. "ಬರದಿದ್ದವ್ರು ಕಲಸಬಾರ್ದ್ರಿ ವೈನಿ" ಎಂದು ಉತ್ತರ ಬಂತು. ಆ ಮನೆಯ ಬೈಗುಳಕ್ಕಾಗಿ ನಾನು ಹಂಬಲಿಸಿದ್ದು ಆ ಮಳೆಗಾಲದಲ್ಲಿ.

ಬಾಯಾರು ಆದದ್ದು ನಾನು. ಕೆಲಸ ಸಿಕ್ಕಿದ್ದು ಜೋಯಿಡಾ ತಾಲೂಕಿನ ಒಂದು ಕೋಣೆಯ ಸಾಲೆಯಲ್ಲಿ. ಕುಣಬಿ, ಸಿದ್ದಿ ಮಕ್ಕಳು, ಎಲ್ಲರಿಗೂ ಸೇರಿ ಕೆಲವೇ ಪುಸ್ತಕ. ಒಂದು ದಿನ ಒಬ್ಬ ಸಿದ್ದಿ ಹುಡುಗಿ ನಾನು ಕೊಟ್ಟ ಪುಸ್ತಕವನ್ನು ತಲೆಕೆಳಗೆ ಮಾಡಿ ಓದಿದಳು. ಅವಳನ್ನು ಎಬ್ಬಿಸಿ ಈಚೆ ಕಡೆ ನನ್ನ ಮಗ್ಗುಲಲ್ಲಿ ಕೂರಿಸಿಕೊಂಡೆ. ದಸರಾ ರಜೆಯ ಹೊತ್ತಿಗೆ ಎಲ್ಲರ ಹಾಗೆ ಓದುತ್ತಿದ್ದಳು. ಇಷ್ಟೇ. ಜಾಗ ಬದಲಿಸಿದ್ದು, ಅಷ್ಟೇ! ಇದನ್ನು ಮಾವಶಿಗೆ ಹೇಳಬೇಕೆಂದು ಆ ದಿನ ಜೀವ ಚಡಪಡಿಸಿತು. ಆಗಲೇ ಅವರು ಚಾಳು ಬಿಟ್ಟು ಮುಂಡಗೋಡದ ಪಾಳಾ ಕಡೆ ಹೊಲ ಪಾಲಿಗೆ ಮಾಡಲು ಹೋಗಿದ್ದರು. ವಿಚಾರಿಸಿದಾಗ, ಮಾವಶಿ ಆ ವರ್ಷದ ಬೇಸಿಗೆಯಲ್ಲೇ ತೀರಿಕೊಂಡಳೆಂದು ತಿಳಿಯಿತು.

ಆ ಮೇಲೆ ಹೇಳುವುದೇನು, ಯಾರಿಗೆ, ಎಂದು ಸುಮ್ಮನಾಗಿದ್ದೆ. ಈಗ, ಇಷ್ಟು ವರ್ಷಗಳ ಮೇಲೆ, ಆ ಕಳಲೆಯ ವಾಸನೆ ನನ್ನನ್ನು ಸುಮ್ಮನಿರಗೊಡಲಿಲ್ಲ. ಹೋದ ರವಿವಾರ ಪಾಳಾಕ್ಕೆ ಹೋದೆ.

ಗಂಗಿಯ ಕೂದಲು ನನಗಿಂತ ಹೆಚ್ಚು ಬೆಳ್ಳಗಾಗಿದೆ. ಮೊಮ್ಮಕ್ಕಳಿದ್ದಾರೆ. ಗುರುತು ಹಿಡಿದು ತಬ್ಬಿಕೊಂಡಳು, ಚಹಾ ಮಾಡಿದಳು, ಚಾಳಿನ ಒಬ್ಬೊಬ್ಬರನ್ನೂ ಕೇಳಿದಳು. ನಾನು ಹೊತ್ತು ನೋಡಿ, ಇಷ್ಟು ದಿನ ಹೊತ್ತು ತಿರುಗಿದ ಮಾತು ತೆಗೆದೆ. ಅದು ದೊಡ್ಡ ದೋಷವಲ್ಲ, ನಿಮ್ಮವ್ವ ಕಲಿಸಿದ್ದರಲ್ಲಿ ತಪ್ಪೇ ಇರಲಿಲ್ಲ, ಒಂದಿಷ್ಟು ದಿನ ಈಚೆ ಕಡೆ ಕೂರಿಸಿದ್ದರೆ ತಾನೇ ಸರಿಹೋಗುತ್ತಿತ್ತು ಎಂದೆ. ದೊಡ್ಡ ಉಪಕಾರ ಮಾಡಿದವಳ ಹಾಗೆ ಹೇಳಿದೆ, ಈಗ ನೆನೆದರೆ ನಾಚಿಕೆಯಾಗುತ್ತದೆ.

"ಸರಿ ಹೋಗಿತ್ತಲ್ಲ," ಎಂದಳು ಗಂಗಿ. "ಆ ವರ್ಷ ಅಡವಿಗೆ ಹೋದ ಮ್ಯಾಲ ನಾನs ಸಿಕ್ಕ ಸಿಕ್ಕ ಪೇಪರ್ ತಿರುವಿ ಹಿಡದು ಹಿಡದು ರೂಢಿ ಮಾಡ್ಕೊಂಡೆ. ಯಾರೂ ಹೇಳಿಕೊಡ್ಲಿಲ್ಲ."

"ಮತ್ತ ಅವ್ವಗ ಹೇಳ್ಲಿಲ್ಲೇನು?" ಎಂದೆ.

"ಹೇಳಿದ್ನಲ್ಲ. ಒಂದಿನ ಅಪ್ಪ ಸಂತಿಯಿಂದ ಬೆಲ್ಲ ತಂದಿದ್ದ. ಕಟ್ಟಿದ ಪೇಪರ್ ಬಿಡಿಸಿ, ನೆಟ್ಟಗ ಹಿಡದು, ಅವ್ವನ ಮುಂದ ನಿಂತು ಓದಿದೆ. ಗಡಗಡ ಓದಿದೆ. ಅವ್ವ ಕಟಿಗಿ ಮುರಿಯೂದು ಬಿಡ್ಲಿಲ್ಲ, ತಲಿ ಎತ್ತಿ ನೋಡ್ಲೂ ಇಲ್ಲ..."

ಗಂಗಿ ಚಹಾದ ಬಟ್ಟಲು ತೆಗೆದುಕೊಂಡು ಎದ್ದಳು.

"'ನೀ ಬಾಯಿಪಾಠ ಮಾಡೀದಿ' ಅಂದ್ಲು. ಅವತ್ತs ಬಂದ ಪೇಪರ್ ಅದು."