ಕೂಸಿನ ಜ್ವರ ಮತ್ತು ಪ್ರಾಣಿಶಾಸ್ತ್ರದ ಮೇಡಂ

ನಮ್ಮ ಮನೆಯಲ್ಲಿ ಪದವಿಯವರೆಗೆ ಓದಿದವಳು ನಾನೊಬ್ಬಳೇ. ವಿಜ್ಞಾನದ ಸಂಗತಿಯನ್ನು ಹೇಳುವಾಗ ಎಲ್ಲಿಯಾದರೂ ಪದ ತಪ್ಪಿದರೆ ಓದುಗರು ಮನ್ನಿಸಬೇಕು.

ಮಳವಳ್ಳಿಯ ಕಾಲೇಜಿನಲ್ಲಿ ನಮಗೆ ಪ್ರಾಣಿಶಾಸ್ತ್ರ ಕಲಿಸಿದ ಮೇಡಂ, ಯಾವ ಪಾಠ ಮುಗಿದರೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಎಲ್ಲಿ, ಈಗ ನೀವು ಹೇಳಿ" ಎನ್ನುತ್ತಿದ್ದರು. ಅವರು ಒಮ್ಮೆ ನಮ್ಮ ಮನೆಗೆ ಊಟಕ್ಕೆ ಬಂದಾಗ, ಅಣ್ಣನ ಮಗಳಿಗೆ ಎರಡನೆಯ ಚುಚ್ಚುಮದ್ದು ಹಾಕಿಸಬಾರದೆಂದು ನಮ್ಮವ್ವ ಹಟ ಹಿಡಿದಿದ್ದಳು.

"ಮೊದಲ್ನೇದಕ್ಕೇ ಕೂಸಿನ ಮೈ ಕೆಂಡ ಆಗಿತ್ತು ಕಣಮ್ಮ. ಇನ್ನೊಂದ್ ಕಿತ ಬ್ಯಾಡ, ಬುಡಿ."

ಮೇಡಂ ಮುದ್ದೆ ಮುರಿಯುತ್ತ ಕೇಳಿದರು: "ಕಬ್ಬಿಗೆ ಹಂದಿ ನುಗ್ಗಿದರೆ ಏನು ಮಾಡ್ತೀರಮ್ಮ?"

"ಕಾವಲ್ನೋನು ಡಬ್ಬ ಬಡೀತಾನೆ. ಊರೇ ಓಡ್ ಬತ್ತದೆ."

"ಯಾವ ಹಂದಿ ಅಂತ ಅವನಿಗೆ ಗೊತ್ತಿರುತ್ತಾ?"

"ಅಯ್ಯೋ, ಅದ್ಕೇನ್ ಎಸ್ರಿಟ್ಟಿದ್ದೀವಾ! ಗುರುಗುಟ್ಟೋದು ಕೇಳುದ್ರೆ ಸಾಲ್ದಾ?"

ಮೇಡಂ ಮನಸಾರೆ ನಕ್ಕರು. ನಮ್ಮ ಜೀವಕೋಶಗಳಲ್ಲಿರುವ ಟೋಲ್ ಮಾದರಿಯ ಗ್ರಾಹಕಗಳೆಂಬ ಪ್ರೋಟೀನುಗಳೂ ಅಂಥ ಕಾವಲುಗಾರರೇ, ರೋಗಾಣುಗಳ ಸಾಮಾನ್ಯ ಗುರುತು ಸಿಕ್ಕೊಡನೆ ಅವು ಡಬ್ಬ ಬಡಿಯುತ್ತವೆ ಎಂದರು. ಲಸಿಕೆಯಲ್ಲಿರುವುದು ಹಂದಿಯಲ್ಲ, ಅದರ ಸದ್ದು ಮಾತ್ರ. ಜ್ವರವೂ ಬಾವೂ ಓಡಿಬಂದವರ ಗದ್ದಲ ಎಂದು ವಿವರಿಸಿದರು.

"ಗದ್ದಲ ನಿಲ್ಲದೇ ಹೋದರೆ ಬಂದ ಜನರೇ ಕಬ್ಬು ತುಳೀತಾರೆ. ಆಗ ಡಾಕ್ಟರ ಹತ್ರ ಓಡಬೇಕು. ಎಲ್ಲಿ, ಈಗ ನೀವು ಹೇಳಿ."

ಅವ್ವ ಮಗುವಿನ ತೊಡೆ ಸವರಿದಳು. "ಅಂಗಾರೆ ಇವ್ಳ ಒಳ್ಗಿರೋ ಕಾವಲ್ನೋರು ನಿದ್ದೆ ಒಡೀತಿಲ್ಲ ಅನ್ನಿ!" ಎಂದವಳೇ ಅತ್ತಿಗೆಯತ್ತ ತಿರುಗಿದಳು. "ಏನಮ್ಮಿ ನಗ್ತಾ ನಿಂತಿದ್ದೀಯೆ? ನಾಳೀಕೆ ಸೂಜಿಗೆ ನಾನೇ ಎತ್ಕೊಂಡ್ ಓಯ್ತೀನಿ."

ಅಲ್ಲಿಂದಾಚೆ ನಮ್ಮ ಮನೆಯ ಯಾವ ಮಗುವಿಗೂ ಚುಚ್ಚುಮದ್ದು ತಪ್ಪಿಲ್ಲ. ಆರೋಗ್ಯ ಕೇಂದ್ರಕ್ಕೆ ಎತ್ತಿಕೊಂಡು ಹೋಗುವವಳು ಅವ್ವನೇ.